ಮಾತು ಕೇಳದ ಮಗು: ಒಂದು ಮೂಕಿ ಚಿತ್ರದ ಕಥೆ



ನಿಮ್ಮಲ್ಲಿ ಹಲವರಿಗೆ ಈ ಅನುಭವ ಆಗಿರಬಹುದು. ಮನೆಯ ಹಿರಿಯರೆಲ್ಲ ಮದುವೆಗೋ ಆಸ್ಪತ್ರೆಗೋ ಹೊರಟಿರುತ್ತಾರೆ. ಅಕ್ಕನ ಮಗುವನ್ನು ನಿಮ್ಮ ಕೈಗೆ ಕೊಟ್ಟು, 'ಸಂಜೆಯವರೆಗೆ ಸ್ವಲ್ಪ ನೋಡಿಕೋ, ಹಾಲು ಕಾಸಿಟ್ಟಿದ್ದೇನೆ, ಅಳುವುದಿಲ್ಲ, ಬಹಳ ಜಾಣ' ಎಂದು ಹೇಳಿ ಆಟೋ ಹತ್ತುತ್ತಾರೆ. ಆಟೋ ಬೀದಿಯ ತಿರುವು ದಾಟುವುದರೊಳಗೆ ಆ ಜಾಣ ಮಗು ಬಾಯಿ ತೆರೆಯುತ್ತದೆ. ಅಲ್ಲಿಂದ ಮುಂದೆ ಮನೆಯಲ್ಲಿ ಯಜಮಾನಿಕೆ ಯಾರದು ಎಂಬುದರಲ್ಲಿ ಸಂದೇಹವೇ ಉಳಿಯುವುದಿಲ್ಲ.

ನನಗೂ ಒಮ್ಮೆ ಹೀಗಾಯಿತು. ಎಂ.ಎ. ಓದುತ್ತಿದ್ದ ದಿನಗಳು. ಮಕ್ಕಳ ಮನಶ್ಶಾಸ್ತ್ರದ ಪುಸ್ತಕವೊಂದನ್ನು ಆಗತಾನೆ ಓದಿ ಮುಗಿಸಿದ್ದೆ. ಅಕ್ಕನ ಮುಂದೆ ಅದರ ಬಗ್ಗೆ ಉಪನ್ಯಾಸವನ್ನೂ ಕೊಟ್ಟಿದ್ದೆ. ಮೂರು ವರ್ಷದ ಸೋದರಳಿಯನನ್ನು ಒಂದು ಮಧ್ಯಾಹ್ನ ನನಗೆ ಒಪ್ಪಿಸಿ ಆಕೆ ಹೊರಗೆ ಹೋದಳು. ಹಿಂದಿರುಗಿ ಬಂದಾಗ ಅಡಿಗೆಮನೆಯ ನೆಲದ ತುಂಬ ರವೆ, ರವೆಯ ನಡುವೆ ನಿದ್ರಿಸುತ್ತಿದ್ದ ಹುಡುಗ, ಅವನನ್ನು ಎತ್ತಿದರೆ ಎಚ್ಚರವಾದೀತೆಂದು ಹೆದರಿ ಗೋಡೆಗೆ ಒರಗಿ ನಿಂತಿದ್ದ ನಾನು. ಅಕ್ಕ ಬೈಯಲಿಲ್ಲ. 'ಇದಕ್ಕೆ ನಿನ್ನ ಪುಸ್ತಕದಲ್ಲಿ ಏನು ಬರೆದಿದೆಯೋ ನೋಡೋ' ಎಂದಳು, ಅಷ್ಟೆ.

ಆದ್ದರಿಂದ ಹ್ಯಾರಿ ಬರ್ಟನ್ ಎಂಬ ಮನುಷ್ಯನ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ಸಹಾನುಭೂತಿ ಇದೆ. ಈತ 1924ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ಹೆಲೆನ್ಸ್ ಬೇಬೀಸ್', ಅಂದರೆ 'ಹೆಲೆನಳ ಮಕ್ಕಳು' ಎಂಬ ಮೂಕಿ ಚಿತ್ರದ ನಾಯಕ. ನಿರ್ದೇಶಕ ವಿಲಿಯಂ ಸೀಟರ್. ಚಿತ್ರದಲ್ಲಿ ಹ್ಯಾರಿ ಅವಿವಾಹಿತ, ನಯವಾದ ಉಡುಪಿನ ಶಿಸ್ತಿನ ಮನುಷ್ಯ, ಲೇಖಕ. ಮಕ್ಕಳನ್ನು ಬೆಳೆಸುವುದು ಹೇಗೆಂಬ ಬಗ್ಗೆ ಪುಸ್ತಕ ಬರೆದವನು. ಆದರೆ ಆತ ಮಕ್ಕಳನ್ನು ಹತ್ತಿರದಿಂದ ಕಂಡವನಲ್ಲ. ಇವನ ಸೋದರಿ ಹೆಲೆನ್ ಗಂಡನೊಡನೆ ಪ್ರವಾಸ ಹೊರಡಬೇಕಾಗಿದೆ. ಇಬ್ಬರು ಪುಟ್ಟ ಹೆಣ್ಣುಮಕ್ಕಳಿದ್ದಾರೆ, ಹೆಸರು ಬಜ್ ಮತ್ತು ಟಾಡಿ. ಮಕ್ಕಳ ವಿಷಯದಲ್ಲಿ ಗ್ರಂಥವನ್ನೇ ಬರೆದ ತಮ್ಮನಿರುವಾಗ ಬೇರೆ ಯಾರನ್ನು ಕೇಳಬೇಕು?

ಇಂಗ್ಲಿಷಿನಲ್ಲಿ ಹ್ಯಾರಿಯನ್ನು ಆ ಮಕ್ಕಳು 'ಅಂಕಲ್' ಎಂದು ಕರೆಯುತ್ತಾರೆ. ದೊಡ್ಡಪ್ಪ, ಚಿಕ್ಕಪ್ಪ, ಮಾವ, ಪಕ್ಕದ ಮನೆಯ ಯಜಮಾನರು, ಎಲ್ಲರೂ ಅದೇ ಪದದಲ್ಲಿ ಅಡಗಿಬಿಡುತ್ತಾರೆ. ನಮ್ಮ ಭಾಷೆಯಲ್ಲಿ ಆತ ಸೋದರಮಾವ. ಹಾಗೆಂದ ತಕ್ಷಣ ನಮಗೆ ಅರ್ಧ ಕಥೆ ತಿಳಿದುಹೋಗುತ್ತದೆ: ಗದರಲು ಹಕ್ಕಿಲ್ಲದ, ಮುದ್ದಿಸಲು ಮಾತ್ರ ಹಕ್ಕಿರುವ, ಮಕ್ಕಳು ಹೆಗಲೇರಿ ಕುಳಿತರೂ ಸುಮ್ಮನಿರಬೇಕಾದ ಮನುಷ್ಯ.

ಈ ಕಥೆ ಸಿನಿಮಾಕ್ಕೆಂದು ಹುಟ್ಟಿದ್ದಲ್ಲ. ಜಾನ್ ಹ್ಯಾಬರ್ಟನ್ ಎಂಬ ಅಮೆರಿಕನ್ ಲೇಖಕ 1876ರಲ್ಲಿ ಇದೇ ಹೆಸರಿನ ಕಾದಂಬರಿ ಬರೆದ. ಹ್ಯಾಬರ್ಟನ್ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದವನು. ಮುಂದೆ ಪತ್ರಿಕಾ ವೃತ್ತಿಗೆ ಬಂದ. ಪುಸ್ತಕ ಅಪಾರ ಜನಪ್ರಿಯವಾಯಿತು. ಸಮುದ್ರದಾಚೆಯ ಇಂಗ್ಲೆಂಡಿನಲ್ಲೂ ಮಕ್ಕಳು ಅದನ್ನು ಓದಿದರು. ನೀವು ಕಾಲೇಜಿನಲ್ಲಿ 'ಅನಿಮಲ್ ಫಾರ್ಮ್' ಓದಿರಬಹುದು. ಅದರ ಕರ್ತೃ ಜಾರ್ಜ್ ಆರ್ವೆಲ್ 1946ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ತಾನು ಬಾಲ್ಯದಲ್ಲಿ ಓದಿದ ಈ ಪುಸ್ತಕವನ್ನು ನೆನೆದಿದ್ದಾನೆ. ಮೂಲ ಕಾದಂಬರಿಯಲ್ಲಿ ಹ್ಯಾರಿ ಬಟ್ಟೆ ವ್ಯಾಪಾರದವನು. ಬಜ್ ಮತ್ತು ಟಾಡಿ ಗಂಡುಮಕ್ಕಳು. ಸಿನಿಮಾದಲ್ಲಿ ಅವರು ಹೆಣ್ಣುಮಕ್ಕಳಾದದ್ದಕ್ಕೆ ಕಾರಣವುಂಟು. ಅದಕ್ಕೆ ಆಮೇಲೆ ಬರುತ್ತೇನೆ.

ಕಾದಂಬರಿಯ ಎರಡು ಮೂರು ಪ್ರಸಂಗಗಳನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಹ್ಯಾರಿಯ ಬಳಿ ಒಂದು ಒಳ್ಳೆಯ ಕೈಗಡಿಯಾರವಿದೆ. ಆ ಕಾಲದ್ದು, ಜೇಬಿನಲ್ಲಿ ಇಡುವಂಥದು. ಕಿರಿಯವನಾದ ಟಾಡಿಗೆ ಅದರ ಮುಚ್ಚಳ ತೆಗೆದು ಒಳಗೆ ಚಕ್ರಗಳು ತಿರುಗುವುದನ್ನು ನೋಡಬೇಕು. ಇವನು ಬೇಡವೆನ್ನುತ್ತಾನೆ, ಕಾರಣ ಹೇಳುತ್ತಾನೆ, ಮಾತು ಬೇರೆ ಕಡೆಗೆ ತಿರುಗಿಸುತ್ತಾನೆ. ಹುಡುಗ ಕಾರಣಗಳನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, ಕೊನೆಗೆ ಅದೇ ಮಾತನ್ನು ಅದೇ ರಾಗದಲ್ಲಿ ಮತ್ತೆ ಹೇಳುತ್ತಾನೆ: ಚಕ್ರ ತಿರುಗುವುದನ್ನು ನೋಡಬೇಕು. ತರ್ಕಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು, ಇಂಥ ವಾದಕ್ಕೆ ಉತ್ತರವಿಲ್ಲ.

ಇನ್ನೊಂದು, ಕಥೆ ಹೇಳುವ ಪ್ರಸಂಗ. ಮಲಗುವ ಹೊತ್ತಿಗೆ ಬೈಬಲಿನ ಕಥೆಗಳು ಆಗಬೇಕು. ಹ್ಯಾರಿ ಕಥೆಯನ್ನು ತನಗೆ ತೋಚಿದಂತೆ ಹೇಳಲು ಹೊರಟರೆ ಮಕ್ಕಳು ಹಾಗಲ್ಲ, ಹೀಗೆ ಎಂದು ತಿದ್ದುತ್ತಾರೆ. ದಾವೀದನು ಗೋಲಿಯಾತನನ್ನು ಕೊಂದ ಕಥೆಯಲ್ಲಂತೂ ಟಾಡಿಗೆ ಬೇಕಾದದ್ದು ನೀತಿಯಲ್ಲ. ಕತ್ತರಿಸಿದ ತಲೆ, ರಕ್ತ, ರಕ್ತ ಮೆತ್ತಿದ ಕತ್ತಿ. ಅದನ್ನು ತನ್ನ ತೊದಲು ನುಡಿಯಲ್ಲಿ ಚಪ್ಪರಿಸಿಕೊಂಡು ಹೇಳುತ್ತಾನೆ. ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ಭಾಗಕ್ಕೆ ಬಂದಾಗ ಹೊದಿಕೆಯೊಳಗಿನಿಂದ ಎಷ್ಟು ತಲೆಗಳು ಮೇಲೇಳುತ್ತವೆ ಎಂಬುದನ್ನು ಕಂಡವರಿಗೆ ಇದು ಅಪರಿಚಿತವಲ್ಲ.

ಮೂರನೆಯದು ಹ್ಯಾರಿಯ ಪ್ರೇಮಪ್ರಕರಣ. ಸಮೀಪದಲ್ಲೇ ಆಲಿಸ್ ಮೇಟನ್ ಎಂಬ ಯುವತಿ ತಂಗಿದ್ದಾಳೆ. ಆಕೆಗೆ ಈತ ಹೂಗಳನ್ನು ಆರಿಸಿ, ಡಬ್ಬಿಯಲ್ಲಿ ಜೋಡಿಸಿ ಕಳುಹಿಸುತ್ತಾನೆ. ಆಕೆ ಡಬ್ಬಿ ತೆರೆದರೆ ಒಳಗೆ ಟಾಡಿಯ ಕೊಳಕು ಬೊಂಬೆ! ಹುಡುಗನಿಗೆ ಡಬ್ಬಿ ಚೆನ್ನಾಗಿ ಕಂಡಿತ್ತು, ಬೊಂಬೆಗೆ ಜಾಗ ಬೇಕಾಗಿತ್ತು. ಹ್ಯಾರಿ ತಲೆ ತಲೆ ಚಚ್ಚಿಕೊಳ್ಳುತ್ತಾನೆ. ಆದರೆ ಆ ಯುವತಿಯ ಮನಸ್ಸು ಕರಗುವುದು ಈತನ ಶಿಸ್ತಿನಿಂದಲ್ಲ, ಈ ಎಡವಟ್ಟುಗಳಿಂದಲೇ.

ಚಿತ್ರದಲ್ಲಿ ಆಲಿಸ್ ಪಾತ್ರ ವಹಿಸಿದವಳು ಕ್ಲಾರಾ ಬೌ. ಆಗ ಆಕೆಗೆ 19 ವರ್ಷ. ಮೂರು ವರ್ಷಗಳ ನಂತರ, 1927ರಲ್ಲಿ, 'ಇಟ್' ಎಂಬ ಚಿತ್ರದಿಂದ ಜಗತ್ಪ್ರಸಿದ್ಧಳಾದಳು. ಹ್ಯಾರಿಯಾಗಿ ಎಡ್ವರ್ಡ್ ಎವರೆಟ್ ಹಾರ್ಟನ್. ರಂಗಭೂಮಿಯಿಂದ ಬಂದ ಈ ನಟನಿಗೆ ಒಂದು ಕಲೆ ಒಲಿದಿತ್ತು. ಏನೋ ಕೇಳುತ್ತಾನೆ, ತಲೆದೂಗುತ್ತಾನೆ, ಮುಗುಳ್ನಗುತ್ತಾನೆ. ಎರಡು ಕ್ಷಣ ಬಿಟ್ಟು ಕೇಳಿದ್ದರ ಅರ್ಥ ಒಳಗಿಳಿದು ಮುಖ ಜೋಲುತ್ತದೆ. ಮಾತಿಲ್ಲದ ಚಿತ್ರಕ್ಕೆ ಇಂಥ ಮುಖವೇ ಸಂಭಾಷಣೆ. ಮುಂದೆ ವಾಕ್ಚಿತ್ರಗಳ ಕಾಲದಲ್ಲೂ ಆತ ಅದೇ ಮುಖದಿಂದ ದಶಕಗಳ ಕಾಲ ಬಾಳಿದ.

ಅನುಭವವಿಲ್ಲದ ಗಂಡಸಿನ ಕೈಗೆ ಮಗು ಸಿಕ್ಕರೆ ಏನಾಗುತ್ತದೆ ಎಂಬುದನ್ನು ಇದಕ್ಕೂ ಮೂರು ವರ್ಷ ಮೊದಲೇ, 1921ರಲ್ಲಿ, ಚಾರ್ಲಿ ಚಾಪ್ಲಿನ್ 'ದಿ ಕಿಡ್' ಚಿತ್ರದಲ್ಲಿ ತೋರಿಸಿದ್ದ. ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಕಸದ ಬಳಿ ಸಿಕ್ಕ ಹಸುಗೂಸನ್ನು ಚಾರ್ಲಿ ಮೊದಲು ಯಾರಿಗಾದರೂ ದಾಟಿಸಲು ನೋಡುತ್ತಾನೆ. ಒಂದು ಕ್ಷಣ ಚರಂಡಿಯ ಮುಚ್ಚಳವನ್ನೂ ಎತ್ತಿ ನೋಡುತ್ತಾನೆ. ಆ ಕ್ಷಣ ನಾವು ನಗುತ್ತೇವೆ, ನಕ್ಕದ್ದಕ್ಕೆ ಬೆಚ್ಚುತ್ತೇವೆ. ಆಮೇಲೆ ಬೇರೆ ದಾರಿಯಿಲ್ಲದೆ ಮನೆಗೆ ತರುತ್ತಾನೆ. ಬಟ್ಟೆಯ ತೊಟ್ಟಿಲು ಕಟ್ಟಿ, ಮೇಲೆ ಕೊಂಬಿನ ಪಾತ್ರೆ ತೂಗುಹಾಕಿ ಅದರ ಕೊಂಬನ್ನೇ ಹಾಲಿನ ಬಾಟಲಿ ಮಾಡುತ್ತಾನೆ. ಕುರ್ಚಿಯ ಆಸನಕ್ಕೆ ತೂತು ಕೊರೆದು ಕೆಳಗೆ ಉಗುಳುವ ಪಾತ್ರೆ ಇಡುತ್ತಾನೆ. ಹ್ಯಾರಿಗೆ ಪುಸ್ತಕವಿತ್ತು, ಬುದ್ಧಿ ಓಡಲಿಲ್ಲ. ಚಾರ್ಲಿಗೆ ಏನೂ ಇರಲಿಲ್ಲ, ಕೈ ಓಡಿತು. ಎರಡರಲ್ಲಿ ದೊಡ್ಡ ಕೃತಿ ಚಾಪ್ಲಿನ್ನನದೇ, ಅದರಲ್ಲಿ ಎರಡು ಮಾತಿಲ್ಲ. ಏಳನೆಯ ವಯಸ್ಸಿಗೇ ಲಂಡನ್ನಿನ ಅನಾಥರ ದುಡಿಮೆಮನೆ ಕಂಡಿದ್ದ ಮನುಷ್ಯ ಅವನು. 1919ರಲ್ಲಿ ಹುಟ್ಟಿದ ತನ್ನ ಚೊಚ್ಚಲ ಮಗುವನ್ನು ಮೂರೇ ದಿನಗಳಲ್ಲಿ ಕಳೆದುಕೊಂಡಿದ್ದ. ಆ ಚಿತ್ರದ ನಗುವಿನ ಕೆಳಗೆ ಇವೆಲ್ಲ ಇವೆ.

'ಹೆಲೆನ್ಸ್ ಬೇಬೀಸ್' ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಅದು ಹಗುರವಾದ ಮನೆಮಂದಿಯ ಚಿತ್ರ. ಹಾಗಾದರೆ ಇಂದು ಅದನ್ನೇ ಏಕೆ ಆರಿಸಿಕೊಂಡೆ? ಟಾಡಿಯ ಪಾತ್ರ ಮಾಡಿದ ಮಗುವಿನ ಕಾರಣದಿಂದ. ಸಿನಿಮಾ ತಯಾರಾಗುವ ಹೊತ್ತಿಗೆ ಆಕೆಗೆ ಐದು ವರ್ಷ. ಹೆಸರು ಪೆಗ್ಗಿ ಜೀನ್ ಮಾಂಟ್ಗಮರಿ. ಜನ ಕರೆಯುತ್ತಿದ್ದುದು 'ಬೇಬಿ ಪೆಗ್ಗಿ' ಎಂದು. ಆಕೆಯ ಹೆಸರಿಗೆ ಚಿತ್ರಮಂದಿರ ತುಂಬುತ್ತಿತ್ತು. ಕಾದಂಬರಿಯ ಗಂಡುಮಕ್ಕಳು ತೆರೆಯ ಮೇಲೆ ಹೆಣ್ಣುಮಕ್ಕಳಾದದ್ದು ಇವಳಿಗಾಗಿ.

ಈ ಮಗು ಸಿನಿಮಾಕ್ಕೆ ಬಂದ ಬಗೆ ಕೇಳಿ. 1918ರ ಅಕ್ಟೋಬರ್ 29ರಂದು ಹುಟ್ಟಿದವಳು. ತಂದೆ ಜಾಕ್ ಮಾಂಟ್ಗಮರಿ ದನಗಾಹಿಯಾಗಿದ್ದು, ಚಿತ್ರಗಳಲ್ಲಿ ಕುದುರೆ ಸವಾರಿಯ ಸಾಹಸ ಮಾಡುತ್ತಿದ್ದವನು. ಮಗುವಿಗೆ 19 ತಿಂಗಳಾಗಿದ್ದಾಗ ತಾಯಿ ಪರಿಚಿತರೊಬ್ಬರ ಜೊತೆ ಹಾಲಿವುಡ್ಡಿನ ಸೆಂಚುರಿ ಸ್ಟುಡಿಯೋ ನೋಡಲು ಹೋದಳು. ಅಲ್ಲಿ ಈ ಕೂಸು ಹೇಳಿದಲ್ಲಿ ಕೂತು, ಹೇಳಿದಂತೆ ಕೇಳುವುದನ್ನು ಫ್ರೆಡ್ ಫಿಶ್‌ಬ್ಯಾಕ್ ಎಂಬ ನಿರ್ದೇಶಕ ಕಂಡ. ಬ್ರೌನಿ ಎಂಬ ಹೆಸರಾಂತ ನಾಯಿಯ ಜೊತೆ ನಟಿಸಲು ಮಗುವೊಂದು ಬೇಕಾಗಿತ್ತು. ಅಲ್ಲಿಂದ ಮುಂದೆ ಮೂರು ನಾಲ್ಕು ವರ್ಷಗಳಲ್ಲಿ ಆಕೆ ನಟಿಸಿದ ಕಿರು ಹಾಸ್ಯಚಿತ್ರಗಳ ಸಂಖ್ಯೆಯನ್ನು 150ರಷ್ಟೆಂದು ಲೆಕ್ಕ ಹಾಕುತ್ತಾರೆ.

ಇಲ್ಲಿ ಮೂಕಿ ಚಿತ್ರಗಳ ತಯಾರಿಕೆಯ ಬಗ್ಗೆ ಒಂದು ಮಾತು ತಿಳಿದುಕೊಳ್ಳಬೇಕು. ಆಗ ಧ್ವನಿ ಮುದ್ರಣವಿರಲಿಲ್ಲ. ಚಿತ್ರಮಂದಿರದಲ್ಲಿ ಪಿಯಾನೋ ನುಡಿಸುವವರೋ ಚಿಕ್ಕ ವಾದ್ಯಗೋಷ್ಠಿಯೋ ಎದುರಿಗೇ ಕೂತು ಸಂಗೀತ ಒದಗಿಸುತ್ತಿದ್ದರು. ಮಾತುಗಳು ಬರಹದ ಪಟ್ಟಿಗಳಾಗಿ ನಡುನಡುವೆ ತೆರೆಯ ಮೇಲೆ ಬರುತ್ತಿದ್ದವು. ಇದರಿಂದ ಚಿತ್ರೀಕರಣದ ವೇಳೆ ಒಂದು ಅನುಕೂಲವಿತ್ತು. ಕ್ಯಾಮೆರಾ ಓಡುತ್ತಿರುವಾಗಲೇ ನಿರ್ದೇಶಕ ಪಕ್ಕದಲ್ಲಿ ನಿಂತು ಕೂಗಿ ಹೇಳಬಹುದಿತ್ತು: ಈಗ ತಿರುಗು, ಈಗ ನಗು, ಈಗ ಬಾಗಿಲ ಕಡೆ ನೋಡಿ ಹೆದರು. ದೊಡ್ಡ ನಟರಿಗೂ ಹೀಗೆ ಹೇಳುತ್ತಿದ್ದರು. ಓದಲು ಬಾರದ, ಪಾತ್ರದ ಮಾತು ಕಲಿಯಲಾಗದ ಕೂಸುಗಳಿಗಂತೂ ಇದಿಲ್ಲದೆ ಸಾಧ್ಯವಿರಲಿಲ್ಲ. ಪೆಗ್ಗಿಯ ವಿಷಯದಲ್ಲಿ ಹಾಗೆ ಹೇಳಿಕೊಡುವವನು ಬಹಳ ಮಟ್ಟಿಗೆ ತಂದೆಯೇ. ಆತ ಚಿಟಿಕೆ ಹೊಡೆದು ಅಳು ಎಂದರೆ ಅಳುತ್ತಿದ್ದಳು, ನಗು ಎಂದರೆ ನಗುತ್ತಿದ್ದಳು. ಮಗಳಿಗೆ ಪ್ರತಿಭೆ ಇದೆ ಎಂದು ಆತ ಹೇಳುತ್ತಿರಲಿಲ್ಲವಂತೆ. ಆಕೆಯ ಯಶಸ್ಸಿಗೆಲ್ಲ ವಿಧೇಯತೆಯೇ ಕಾರಣವೆಂದು, ತಾನು ಕುದುರೆಗಳನ್ನು ಪಳಗಿಸಿದ ಹೆಮ್ಮೆಯಲ್ಲೇ ಹೇಳಿಕೊಳ್ಳುತ್ತಿದ್ದನಂತೆ.

ಈಗ ಚಿತ್ರಕ್ಕೆ ಹಿಂದಿರುಗಿ ನೋಡಿ. ತೆರೆಯ ಮೇಲೆ ಟಾಡಿ ಎಂಬ ಮಗು ಯಾರ ಮಾತನ್ನೂ ಕೇಳುವುದಿಲ್ಲ. ಬೇಡವೆಂದದ್ದನ್ನೇ ಮಾಡುತ್ತದೆ. ಮಾವನ ಪುಸ್ತಕಜ್ಞಾನವನ್ನೆಲ್ಲ ಗಾಳಿಗೆ ತೂರುತ್ತದೆ. ಅದನ್ನು ಕಂಡು ನಾವು ನಗುವುದು ಮಗುವಿನ ಸ್ವಾತಂತ್ರ್ಯದ ಸಂತೋಷಕ್ಕಾಗಿ. ಆದರೆ ಆ ಪ್ರತಿಯೊಂದು ತುಂಟತನವೂ ಒಂದು ಆಜ್ಞೆಯ ಪಾಲನೆ. ಒಂದು ಬಾರಿಯೂ ಹಟ ಮಾಡದೆ, ಹೇಳಿದ ಮಾತನ್ನೆಲ್ಲ ಕೇಳಿದ್ದರಿಂದಲೇ ಆ ಮಗುವಿಗೆ ಮಾತು ಕೇಳದ ಮಗುವಾಗಿ ನಟಿಸಲು ಸಾಧ್ಯವಾಯಿತು. ಈ ಸಂಗತಿ ತಿಳಿದ ಮೇಲೆ ನನಗೆ ಆ ಚಿತ್ರವನ್ನು ಮೊದಲಿನಂತೆ ನೋಡಲು ಆಗಿಲ್ಲ. ನಗು ಬರುತ್ತದೆ, ಇಲ್ಲವೆನ್ನುವುದಿಲ್ಲ. 'ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯೂ ಜೊತೆಗೆ ಬರುತ್ತದೆ.

ಪ್ರಾಣಸಂಕಟ ಎಂದದ್ದು ಅಲಂಕಾರಕ್ಕಲ್ಲ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಕೆಲಸ. ಸಾಹಸದ ದೃಶ್ಯಗಳಿಗೆ ಬದಲಿ ನಟರಿರಲಿಲ್ಲ. 1923ರ 'ದಿ ಡಾರ್ಲಿಂಗ್ ಆಫ್ ನ್ಯೂಯಾರ್ಕ್' ಚಿತ್ರಕ್ಕಾಗಿ ಉರಿಯುವ ಕೋಣೆಯೊಂದರಿಂದ ಆಕೆ ಒಬ್ಬಳೇ ಹೊರಬರಬೇಕಾಯಿತು. 'ಮೈಲ್ಸ್ ಆಫ್ ಸ್ಮೈಲ್ಸ್' ಚಿತ್ರದಲ್ಲಿ ರೈಲುಗಾಡಿಯ ತಳದಲ್ಲಿ ಕೂತು ಪ್ರಯಾಣಿಸಬೇಕಾಯಿತು. ನಾಲ್ಕೈದು ವರ್ಷದ ಮಗು! ಶಾಲೆ ಎಂಬುದು ಹೆಸರಿಗೂ ಇರಲಿಲ್ಲ.

ಹಣ ಮಾತ್ರ ಹರಿದು ಬಂತು. 1923ರ ಹೊತ್ತಿಗೆ ಆಕೆಯ ಹೆಸರಿನಲ್ಲಿ ವರ್ಷಕ್ಕೆ 15 ಲಕ್ಷ ಡಾಲರಿನ ಒಪ್ಪಂದವಾಗಿತ್ತೆಂದು ಬರೆದಿದ್ದಾರೆ. ಆಕೆಯ ರೂಪದ ಬೊಂಬೆಗಳು ಮಾರಾಟವಾದವು. 1924ರಲ್ಲಿ ನ್ಯೂಯಾರ್ಕಿನಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ನಡೆದಾಗ ಈ ಮಗುವನ್ನು ವೇದಿಕೆ ಹತ್ತಿಸಿ ಬಾವುಟ ಬೀಸಿಸಿದರು; ಪಕ್ಕದಲ್ಲಿದ್ದವರು ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್. ಮನೆಯವರು ದುಬಾರಿ ಕಾರು, ದೊಡ್ಡ ಮನೆ, ಉಡುಗೆ ತೊಡುಗೆಗಳಿಗೆ ಹಣ ಸುರಿದರು. ಮಗಳ ಓದಿಗಾಗಲಿ ಭವಿಷ್ಯಕ್ಕಾಗಲಿ ಎತ್ತಿಡಲಿಲ್ಲ. ಹಣದ ಉಸ್ತುವಾರಿ ವಹಿಸಿದ್ದ ಹತ್ತಿರದ ಬಂಧುವೊಬ್ಬ ಉಳಿದದ್ದನ್ನು ಎತ್ತಿಕೊಂಡು ಹೋದ. ಕಾನೂನಿನ ಪ್ರಕಾರ ಇದರಲ್ಲಿ ಕೇಳುವವರಿರಲಿಲ್ಲ. ಅಪ್ರಾಪ್ತ ವಯಸ್ಕರ ಸಂಪಾದನೆ ಅಂದು ಅಲ್ಲಿ ತಂದೆತಾಯಿಯರಿಗೇ ಸೇರಿದ್ದು.

'ಹೆಲೆನ್ಸ್ ಬೇಬೀಸ್' ಬಿಡುಗಡೆಯಾದ ಮರುವರ್ಷ, 1925ರಲ್ಲಿ, ತಂದೆಗೂ ನಿರ್ಮಾಪಕ ಸಾಲ್ ಲೆಸ್ಸರನಿಗೂ ಸಂಬಳದ ವಿಷಯದಲ್ಲಿ ಜಗಳವಾಯಿತು. ಒಪ್ಪಂದ ಮುರಿಯಿತು. ಬೇರೆ ಸ್ಟುಡಿಯೋಗಳೂ ಬಾಗಿಲು ಮುಚ್ಚಿದವು. ಏಳು ವರ್ಷ ತುಂಬುವುದರೊಳಗೆ ತಾರೆಯ ಬಾಳು ಮುಗಿದುಹೋಯಿತು. ಮನೆಯ ಖರ್ಚು ನಡೆಯಬೇಕಲ್ಲ? ಆಕೆಯನ್ನು ಊರೂರು ಸುತ್ತುವ ವೈವಿಧ್ಯ ನಾಟಕಗಳಿಗೆ ಹತ್ತಿಸಿದರು. ಒಂದು ಆಟಕ್ಕೆ ಆಕೆಯ ಕೈಗೆ ಕೊಡುತ್ತಿದ್ದುದು ಐದು ಸೆಂಟಿನ ಒಂದು ನಾಣ್ಯ. 1930ರ ದಶಕದಲ್ಲಿ ಹಾಲಿವುಡ್ಡಿಗೆ ಹಿಂದಿರುಗಿ ಗುಂಪಿನಲ್ಲಿ ನಿಲ್ಲುವ ಹೆಚ್ಚುವರಿ ನಟಿಯಾಗಿ ದುಡಿದಳು. 1924ರಲ್ಲಿ ಈಕೆ ನಾಯಕಿಯಾಗಿದ್ದ 'ಕ್ಯಾಪ್ಟನ್ ಜನವರಿ' ಎಂಬ ಕಥೆಯನ್ನು 1936ರಲ್ಲಿ ಶರ್ಲಿ ಟೆಂಪಲ್ ಎಂಬ ಹೊಸ ಬಾಲತಾರೆಯನ್ನು ಹಾಕಿ ಮತ್ತೆ ತೆಗೆದರು. ಆಗ ಪೆಗ್ಗಿಗೆ ಹದಿನೇಳು.

ಮಗುವನ್ನು ನೋಡಿಕೊಳ್ಳಲು ಬಾರದ ಹಿರಿಯನ ಕಥೆ ಎಂದು ಆರಂಭಿಸಿದೆ. ತೆರೆಯ ಮೇಲಿನ ಹ್ಯಾರಿಗೆ ಬರುತ್ತಿರಲಿಲ್ಲ, ನಿಜ. ಆದರೆ ಆ ಬಡಪಾಯಿ ಎರಡು ಮಕ್ಕಳ ಹಿಂದೆ ಓಡಿ ಓಡಿ ಬಟ್ಟೆ ಹರಿದುಕೊಂಡ, ಮಾನ ಕಳೆದುಕೊಂಡ, ಕೊನೆಗೆ ಕಲಿತ. ಕ್ಯಾಮೆರಾದ ಈಚೆ ಇದ್ದ ಹಿರಿಯರೆಲ್ಲ ಅನುಭವಸ್ಥರು. ಅವರ ನಡುವೆ ಒಂದು ಐದು ವರ್ಷದ ಮಗು ಅವರೆಲ್ಲರ ಸಂಸಾರ ನಡೆಸುತ್ತಿತ್ತು.

ಇದು ಪೆಗ್ಗಿಯೊಬ್ಬಳ ಕಥೆಯಲ್ಲ. 'ದಿ ಕಿಡ್' ಚಿತ್ರದಲ್ಲಿ ಚಾರ್ಲಿಯ ಜೊತೆ ನಟಿಸಿ ಲೋಕವನ್ನೇ ಅಳಿಸಿದ ಜಾಕಿ ಕೂಗನ್ ನೆನಪಿದೆಯಲ್ಲ? ಆ ಚಿತ್ರದಲ್ಲಿ ಅನಾಥಾಲಯದವರು ಅವನನ್ನು ಲಾರಿಗೆ ಹಾಕಿ ಒಯ್ಯುತ್ತಾರೆ, ಚಾರ್ಲಿ ಮನೆಗಳ ಮಾಡು ಹತ್ತಿ ಓಡಿ ಬಂದು ಬಿಡಿಸಿಕೊಳ್ಳುತ್ತಾನೆ. ನಿಜ ಜೀವನದಲ್ಲಿ ಮಾಡು ಹತ್ತಿ ಬರುವವರು ಯಾರೂ ಇರಲಿಲ್ಲ. ಬಾಲ್ಯದಲ್ಲಿ ಆತ ಗಳಿಸಿದ್ದು 30ರಿಂದ 40 ಲಕ್ಷ ಡಾಲರ್ ಎನ್ನುತ್ತಾರೆ. ಪ್ರಾಪ್ತವಯಸ್ಕನಾಗಿ ಕೇಳಿದಾಗ ಏನೂ ಉಳಿದಿಲ್ಲವೆಂದರು. 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದ. ಕೊನೆಗೆ ಕೈಗೆ ಬಂದದ್ದು 1,26,000 ಡಾಲರ್. ಅಷ್ಟು ರಂಪವಾದದ್ದರಿಂದ 1939ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಬಾಲನಟರ ಸಂಪಾದನೆಯನ್ನು ರಕ್ಷಿಸುವ ಕಾಯಿದೆ ತಂದಿತು. ಜನ ಅದನ್ನು ಇಂದಿಗೂ 'ಕೂಗನ್ ಕಾಯಿದೆ' ಎಂದೇ ಕರೆಯುತ್ತಾರೆ. ಅದರಲ್ಲಿಯೂ ಬಿರುಕುಗಳಿದ್ದವು. ಸಂಪಾದನೆ ಮಗುವಿನದೇ ಎಂದು ಸ್ಪಷ್ಟಪಡಿಸಿ, ಶೇಕಡಾ 15ನ್ನು ಮಗುವಿನ ಹೆಸರಿನಲ್ಲಿ ಕೂಡಿಡಲೇಬೇಕೆಂಬ ತಿದ್ದುಪಡಿ ಜಾರಿಗೆ ಬಂದದ್ದು 2000ದಲ್ಲಿ. ಅಷ್ಟು ಹೊತ್ತಿಗೆ ಕೂಗನ್ ತೀರಿಹೋಗಿ ಹದಿನಾರು ವರ್ಷಗಳಾಗಿದ್ದವು.

ನಮ್ಮಲ್ಲಿ ಹೇಗೆ ಎಂದು ನೀವು ಕೇಳಬಹುದು. ಕೇಳಬೇಕು ಕೂಡ. ನಮ್ಮ ಧಾರಾವಾಹಿಗಳಲ್ಲಿ, ಹಾಡಿನ ಕುಣಿತದ ಸ್ಪರ್ಧೆಗಳಲ್ಲಿ, ಜಾಹೀರಾತುಗಳಲ್ಲಿ ಪುಟ್ಟ ಮಕ್ಕಳನ್ನು ದಿನವೂ ನೋಡುತ್ತೇವೆ. ಎಷ್ಟು ಮುದ್ದಾಗಿ ಮಾತಾಡುತ್ತದೆ ಎನ್ನುತ್ತೇವೆ. ಬಾಲಕಾರ್ಮಿಕ ಪದ್ಧತಿಯನ್ನು ಕುರಿತ ನಮ್ಮ ದೇಶದ ಕಾಯಿದೆ 1986ರದು. 2016ರ ತಿದ್ದುಪಡಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದರೂ ಸಿನಿಮಾ ಮತ್ತು ದೂರದರ್ಶನಗಳಲ್ಲಿ ನಟಿಸುವುದಕ್ಕೆ ಷರತ್ತುಗಳ ಮೇಲೆ ಅವಕಾಶ ಉಳಿಸಿತು. ಆ ಷರತ್ತುಗಳನ್ನು 2017ರ ನಿಯಮಗಳು ವಿವರಿಸುತ್ತವೆ. ಮಗುವಿನ ಕೆಲಸ ದಿನಕ್ಕೆ ಐದು ಗಂಟೆ ಮೀರಬಾರದು. ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸಬಾರದು. ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಓದು ನಿಲ್ಲಬಾರದು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಮಾಡಿಸಬಾರದು. ಗಳಿಕೆಯ ಕನಿಷ್ಠ ಶೇಕಡಾ 20 ಭಾಗ ನೇರವಾಗಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ಹೋಗಬೇಕು. ಕಾಗದದ ಮೇಲೆ ನಾವು ಕ್ಯಾಲಿಫೋರ್ನಿಯಾಕ್ಕಿಂತ ಶೇಕಡಾ ಐದು ಮುಂದಿದ್ದೇವೆ. ಆದರೆ 'ಮಗುವಿನ ಇಚ್ಛೆ' ಎಂಬ ಮಾತಿನ ಮೇಲೆ ನನ್ನ ಮನಸ್ಸು ನಿಂತುಬಿಡುತ್ತದೆ. ಅಪ್ಪ ಚಿಟಿಕೆ ಹೊಡೆದರೆ ನಗುವ ಮಗುವಿನ ಇಚ್ಛೆ ಏನೆಂದು ಯಾವ ಅಧಿಕಾರಿ ಹೇಗೆ ತಿಳಿಯಬೇಕು? ಕಾನೂನು ಓದುತ್ತಿರುವ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ ಇದನ್ನು ಯೋಚಿಸಿ.

ಪೆಗ್ಗಿಯ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಆಕೆ ಸೋತು ಮೂಲೆಗುಂಪಾದಳೆಂದು ನೀವು ಭಾವಿಸಬಾರದು. ಮೊದಲು ಮಾಡಿದ ಕೆಲಸ ಬೇಬಿ ಪೆಗ್ಗಿ ಎಂಬ ಹೆಸರನ್ನು ಕಳಚಿ ಹಾಕಿದ್ದು. ಡಯಾನಾ ಸೆರ್ರಾ ಕ್ಯಾರಿ ಎಂಬ ಹೊಸ ಹೆಸರಿನಲ್ಲಿ ಬಾಳಿದಳು, ಪುಸ್ತಕದಂಗಡಿಯಲ್ಲಿ ದುಡಿದಳು, ಎಳೆವಯಸ್ಸಿನಲ್ಲಿ ಶಾಲೆ ಕಾಣದ ಈ ಹೆಂಗಸು ತಾನೇ ಓದಿ ಓದಿ ಇತಿಹಾಸದ ಲೇಖಕಿಯಾದಳು. 1979ರಲ್ಲಿ ಹಾಲಿವುಡ್ಡಿನ ಬಾಲನಟರ ಇತಿಹಾಸ ಬರೆದಳು. 1996ರಲ್ಲಿ ತನ್ನ ಆತ್ಮಕಥೆ. 2003ರಲ್ಲಿ ಜಾಕಿ ಕೂಗನ್ನನ ಜೀವನಚರಿತ್ರೆ. ಮೇಲೆ ನಾನು ಹೇಳಿದ ಅನೇಕ ಸಂಗತಿಗಳು ಜಗತ್ತಿಗೆ ತಿಳಿದದ್ದು ಆಕೆಯೇ ಕೂತು ಬರೆದದ್ದರಿಂದ. ಬಹಳ ವರ್ಷ ಆ 'ಬೇಬಿ'ಯನ್ನು ದ್ವೇಷಿಸಿದ ಆಕೆ ಮುದಿವಯಸ್ಸಿನಲ್ಲಿ ಅದರೊಡನೆ ರಾಜಿಯಾದಳು, ಚಿತ್ರೋತ್ಸವಗಳಿಗೆ ಬಂದು ತನ್ನ ಹಳೆಯ ಚಿತ್ರಗಳನ್ನು ಪ್ರೇಕ್ಷಕರ ನಡುವೆ ಕೂತು ನೋಡಿದಳು. ಬಾಲನಟರ ಹಕ್ಕುಗಳಿಗಾಗಿ ದನಿಯೆತ್ತಿದಳು. 2020ರ ಫೆಬ್ರವರಿ 24ರಂದು ತೀರಿಕೊಂಡಾಗ ಆಕೆಗೆ 101 ವರ್ಷ. ಮೂಕಿ ಚಿತ್ರಗಳ ತಾರೆಯರಲ್ಲಿ ಕಟ್ಟಕಡೆಯವಳು ಎಂದು ಅನೇಕರು ಬರೆದರು.

ಆಕೆಯ ಚಿತ್ರಗಳಲ್ಲಿ ಹೆಚ್ಚಿನವು ಇಂದು ಇಲ್ಲ. 1926ರಲ್ಲಿ ಸೆಂಚುರಿ ಸ್ಟುಡಿಯೋಗೆ ಬೆಂಕಿ ಬಿತ್ತು. ಆಗಿನ ಫಿಲ್ಮು ಬೆಂಕಿಗೆ ಬೇಗ ತುತ್ತಾಗುವಂಥದು. ಉಳಿದವು ಲೋಕದ ಬೇರೆ ಬೇರೆ ಮೂಲೆಗಳಿಂದ ಒಂದೊಂದಾಗಿ ಸಿಕ್ಕಿವೆ. 'ಅವರ್ ಪೆಟ್' ಎಂಬ 1924ರ ಕಿರುಚಿತ್ರ 2016ರಲ್ಲಿ ಜಪಾನಿನಲ್ಲಿ ದೊರೆಯಿತು. ಅದೃಷ್ಟಕ್ಕೆ 'ಹೆಲೆನ್ಸ್ ಬೇಬೀಸ್' ಉಳಿದುಕೊಂಡಿದೆ. ಅದರ ಕೃತಿಸ್ವಾಮ್ಯದ ಅವಧಿಯೂ ಮುಗಿದಿರುವುದರಿಂದ ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಒಂದೂವರೆ ಗಂಟೆಯೊಳಗೆ ಮುಗಿಯುವ ಚಿತ್ರ.

ನೋಡುವುದಾದರೆ ಎರಡು ಬಾರಿ ನೋಡಿ. ಮೊದಲನೆಯ ಸಲ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಹಾರ್ಟನ್ನನ ಮುಖವನ್ನು ನೋಡುತ್ತ ಮನಸಾರೆ ನಗಿ. ಮನೆಯಲ್ಲಿ ಸೋದರಮಾವಂದಿರು ಇದ್ದರೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಎರಡನೆಯ ಸಲ ಒಬ್ಬರೇ ಕೂತು ಆ ಪುಟ್ಟ ಹುಡುಗಿಯ ಕಣ್ಣುಗಳನ್ನು ಮಾತ್ರ ಗಮನಿಸಿ. ಅವು ಮಾವನ ಕಡೆ ನೋಡುತ್ತಿವೆಯೋ, ಚೌಕಟ್ಟಿನ ಆಚೆ ನಿಂತ ಇನ್ಯಾರದೋ ಕಡೆಗೋ ಎಂದು.